ಮಾದಯ್ಯನನ್ನು ಕರೆಯಲು ಹೋದವರು

ಅಥವಾ ನಮ್ಮ ಸಾರ್ ಕೈಯಲ್ಲಿರುತ್ತಿದ್ದದ್ದು ಸ್ಕ್ರೂಡ್ರೈವರ್ ಅಲ್ಲದೆ ಉದ್ದನೆಯ ಒಂದು ಸರಳೇ ಇದ್ದಿರಬಹುದು. ಒಂದು ತುದಿಯನ್ನು ಓಡುತ್ತಿರುವ ಯಂತ್ರದ ಬೇರಿಂಗ್ ಮೇಲೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಒಳಗಿನ ಸದ್ದು ಕೇಳುತ್ತ, ಕಣ್ಣು ಮುಚ್ಚಿ ನಿಂತಿರುತ್ತಿದ್ದರು ಎಂಬುದು ಮಾತ್ರ ನಿಜ. ಕಣ್ಣು ಮುಚ್ಚುತ್ತಿದ್ದರೇ? ಈಗ ಅದೂ ಅನುಮಾನ. ಅದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ತೀರಿಹೋದವರನ್ನು ನೆನೆಯುವಾಗ ಅವರನ್ನು ಸ್ವಲ್ಪ ಧ್ಯಾನಸ್ಥರನ್ನಾಗಿ ಮಾಡಿಬಿಡುತ್ತೇವೆ.

ಅವರು ಹೋದದ್ದು ಕಳೆದ ತಿಂಗಳು, ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ, ದೊಡ್ಡ ಕಂಪನಿಗಳ ಕಾಂಪೌಂಡುಗಳೆಲ್ಲ ಮುಗಿದ ಮೇಲೆ, ಅವರದೊಂದು ಸಣ್ಣ ಕಾರ್ಖಾನೆ ಇತ್ತು. ಅಲ್ಲಿ ಅಕ್ಕಿ ಗಿರಣಿಗಳಿಗೆ ಬೇಕಾದ, ಕಲ್ಲು ಬೇರ್ಪಡಿಸುವ ಯಂತ್ರ ತಯಾರಾಗುತ್ತಿತ್ತು. ನಾನು ಅಲ್ಲಿ ಡ್ರಾಯಿಂಗ್ ಮಾಡುವವಳು. ಡಿಪ್ಲೊಮಾ ಮುಗಿಸಿ ಸೇರಿದವಳು, ಬಾಗಿಲು ಮುಚ್ಚುವವರೆಗೂ ಇದ್ದೆ.

ಆ ಯಂತ್ರದ ಬಗ್ಗೆ ಹೇಳದಿದ್ದರೆ ಅವರ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಇಳಿಜಾರಾಗಿ ಇಟ್ಟ ಒಂದು ಜಾಲರಿ ತಟ್ಟೆ. ಕೆಳಗಿನಿಂದ ಗಾಳಿ. ಜೊತೆಗೆ ಒಂದು ಸಣ್ಣ ನಡುಕ. ಹಗುರವಾದ ಅಕ್ಕಿ ಗಾಳಿಯಲ್ಲಿ ತೇಲುತ್ತ ಕೆಳಕ್ಕೆ ಹರಿಯುತ್ತದೆ, ಭಾರದ ಕಲ್ಲು ತಟ್ಟೆಗೆ ಅಂಟಿಕೊಂಡು ಏರನ್ನು ಹತ್ತುತ್ತ ಮೇಲಕ್ಕೆ ಹೋಗುತ್ತದೆ. ಮೊದಲ ಸಲ ನೋಡಿದವರಿಗೆ ನಂಬಿಕೆಯೇ ಬರುವುದಿಲ್ಲ. ಅಂಥ ಯಂತ್ರಗಳನ್ನು ಬೇರೆಯವರೂ ಮಾಡುತ್ತಿದ್ದರು. ಆದರೆ ಅಕ್ಕಿ ಮುರಿಯದಂತೆ, ನುಚ್ಚಾಗದಂತೆ, ನಮ್ಮ ಕಡೆಯ ಭತ್ತದ ಗುಣಕ್ಕೆ ತಕ್ಕಂತೆ ಆ ಗಾಳಿಯನ್ನೂ ಇಳಿಜಾರನ್ನೂ ಹೊಂದಿಸಿದವರು ಇವರೊಬ್ಬರೇ. ತಿ. ನರಸೀಪುರದ ಗಿರಣಿಯ ಯಜಮಾನರೊಬ್ಬರು ಅವರ ಎರಡೂ ಕೈ ಹಿಡಿದುಕೊಂಡು, "ಸಾ, ಈ ಕೈಗೆ ಚಿನ್ನದ ಬಳೆ ಆಕುಸ್ಬೇಕು ಕಣ್ರೀ" ಎಂದಿದ್ದರು. ಇವರು ಗಂಭೀರವಾಗಿ, "ಬೇಡಿ, ಬೆಲ್ಟಿಗೆ ಸಿಕ್ಕೊಳ್ಳುತ್ತೆ" ಎಂದರು. ಸುತ್ತ ನಿಂತ ಹಮಾಲರೆಲ್ಲ ನಕ್ಕರು. ಅವರು ಯಾಕೆ ನಗುತ್ತಿದ್ದಾರೆಂದು ಇವರಿಗೆ ತಿಳಿಯಲಿಲ್ಲ. ಕಾರಿನಲ್ಲಿ ಬರುವಾಗ ನನ್ನನ್ನು ಕೇಳಿದರು, "ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?"

ಯಾರನ್ನೂ ಬೈದವರಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ನಡೆದದ್ದನ್ನು ಕೇಳಿದವರು ಅವರನ್ನು ಗದರುವ, ಮೇಜು ಗುದ್ದುವ ಸಾಹುಕಾರ ಎಂದುಕೊಳ್ಳುತ್ತಾರೆ. ಬೈಯುವವರ ಜೊತೆ ಬದುಕುವುದು ನಮ್ಮ ಜನಕ್ಕೆ ಗೊತ್ತಿದೆ. ಬೆಳಿಗ್ಗೆ ಬೈಸಿಕೊಂಡು ಮಧ್ಯಾಹ್ನ ಒಟ್ಟಿಗೆ ಟೀ ಕುಡಿಯುತ್ತಾರೆ. ಇವರು ಬೈಯುತ್ತಿರಲಿಲ್ಲ, ಸರಿಮಾಡುತ್ತಿದ್ದರು. ಕೆಲಸಗಾರರು ಬರುವುದಕ್ಕೆ ಮುಂಚೆಯೇ ಬಂದು, ಹಿಂದಿನ ದಿನ ಜೋಡಿಸಿದ್ದನ್ನು ನೋಡಿ, ಸಮವಿಲ್ಲದ್ದನ್ನು ಬಿಚ್ಚಿ, ತಾವೇ ಜೋಡಿಸಿಟ್ಟು, ಕೈ ತೊಳೆದುಕೊಂಡು ಆಫೀಸಿನಲ್ಲಿ ಕೂತುಬಿಡುತ್ತಿದ್ದರು. ಒಂದು ಮಾತಿಲ್ಲ. ಜೋಡಿಸಿದವನು ಬಂದು ನೋಡುತ್ತಾನೆ: ತನ್ನ ಕೆಲಸ ಅಲ್ಲಿಲ್ಲ, ಅದರ ಜಾಗದಲ್ಲಿ ಅದಕ್ಕಿಂತ ಚೆನ್ನಾದದ್ದೊಂದು ಇದೆ.

ನನಗೂ ಆಗಿತ್ತು. ನನ್ನ ಮೊದಲ ಡ್ರಾಯಿಂಗ್ ಕೊಟ್ಟ ಮಾರನೆಯ ದಿನ ನನ್ನ ಮೇಜಿನ ಮೇಲೆ ಅದೇ ಭಾಗದ ಬೇರೆ ಡ್ರಾಯಿಂಗ್ ಇತ್ತು. ನನ್ನದರಲ್ಲಿ ತಪ್ಪು ಎಲ್ಲಿತ್ತೆಂದು ಗುರುತು ಹಾಕಿಕೊಟ್ಟಿದ್ದರೆ ಅಳುತ್ತಿದ್ದೆ, ಆಮೇಲೆ ಕಲಿಯುತ್ತಿದ್ದೆ. ಅಳುವುದಕ್ಕೂ ಏನೂ ಇರಲಿಲ್ಲ. ಅವರದು ಅಷ್ಟು ಚೆನ್ನಾಗಿತ್ತು.

ಕಷ್ಟ ಹೇಳಿಕೊಳ್ಳಲು ಹೋದವರಿಗೂ ಹೀಗೆಯೇ. ಅರ್ಧ ಮಾತಿಗೇ "ಗೊತ್ತಾಯ್ತು" ಅನ್ನುತ್ತಿದ್ದರು, ಮತ್ತು ನಿಜವಾಗಿಯೂ ಗೊತ್ತಾಗಿರುತ್ತಿತ್ತು. ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸೊಬ್ಬಳು ಮಗಳ ಕಾಯಿಲೆಯ ವಿಷಯ ಎತ್ತಿದ ಕೂಡಲೇ ಮೈಸೂರಿನ ಡಾಕ್ಟರಿಗೆ ಫೋನ್ ಮಾಡಿ, ಹೋಗಿಬರಲು ಕಾರು ಗೊತ್ತುಮಾಡಿ, ಮತ್ತೆ ಕಂಪ್ಯೂಟರ್ ಕಡೆ ತಿರುಗಿದರು. ಅವಳು ಹೊರಗೆ ಬಂದು ನನ್ನ ಪಕ್ಕ ಕೂತು, "ಎಲ್ಲಾ ಮಾಡುದ್ರು ಮೇಡಮ್ಮೋರೆ. ಮಗೀನ ಎಸರು ಕೇಳ್ನಿಲ್ಲ" ಎಂದಳು. ಆ ಮಗು ವಾಸಿಯಾಯಿತು. ಇದನ್ನೂ ಬರೆಯಬೇಕು.

ಅವರ ಪಾಲಿಗೆ ಮನುಷ್ಯರಲ್ಲಿ ಮೊದಲನೆಯವನು ಪುಟ್ಟಮಾದಯ್ಯ. ಕಾರ್ಖಾನೆ ಇನ್ನೂ ಒಂದು ಶೀಟಿನ ಶೆಡ್ ಆಗಿದ್ದಾಗ ಅಲ್ಲಿದ್ದವರು ಇವರಿಬ್ಬರೇ. ಇವರು ಯೋಚಿಸುವುದು, ಮಾದಯ್ಯ ಜೋಡಿಸುವುದು, ಚಾಲೂ ಮಾಡಿ ಇಬ್ಬರೂ ಕೂತು ನೋಡುವುದು. ನಾನು ಸೇರುವ ಹೊತ್ತಿಗೆ ಮಾದಯ್ಯ ಫಿಟ್ಟರುಗಳಿಗೆಲ್ಲ ಹಿರಿಯ, ಕಿವಿಯ ಮೇಲೆ ಕೂದಲು ನರೆತಿದ್ದವು. ನಮ್ಮಲ್ಲಿ ಇವರನ್ನು ನಗಿಸಬಲ್ಲವನು ಅವನೊಬ್ಬನೇ. ಇವರು ಊಟದ ಹೊತ್ತು ಮೀರಿ ಯಂತ್ರದೊಳಗೆ ತಲೆ ತೂರಿಸಿಕೊಂಡಿದ್ದರೆ, ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಸಾ, ಮಿಷನ್ನು ಓಡೋಗಲ್ಲ, ಬೋಲ್ಟ್ ಆಕಿವ್ನಿ. ನಿಮ್ ಎಂಡ್ರು ಓಡೋಗ್ಬುಟ್ಟಾರು, ಮನಿಗೆ ನಡೀರಿ" ಅನ್ನುತ್ತಿದ್ದ. ಇವರು ತಲೆ ಹೊರಗೆ ತೆಗೆದು ನಗುತ್ತಿದ್ದರು. ಆ ನಗು ನನಗೆ ಸರಿಯಾಗಿ ನೆನಪಿದೆ, ಇದರಲ್ಲಿ ಅನುಮಾನವಿಲ್ಲ.

ಪ್ರತಿ ಫಿಟ್ಟರಿಗೂ ತನ್ನದೇ ಒಂದು ತಗಡಿನ ಪೆಟ್ಟಿಗೆ ಇತ್ತು. ಸ್ಪ್ಯಾನರು, ಉಳಿ, ಸುತ್ತಿಗೆ, ಅರ, ಎಲ್ಲವೂ ಅದರೊಳಗೆ. ಒಬ್ಬರದನ್ನು ಇನ್ನೊಬ್ಬರು ಕೇಳದೆ ಮುಟ್ಟುವಂತಿಲ್ಲ. ಮಾದಯ್ಯನ ಪೆಟ್ಟಿಗೆಯ ಮುಚ್ಚಳದ ಒಳಗೆ ದೇವರ ಪಟ ಅಂಟಿಸಿತ್ತು, ಕೆಲವು ಹತಾರಗಳಿಗೆ ಅವನೇ ಹಿಡಿ ಮಾಡಿಕೊಂಡಿದ್ದ. ಯಾರಾದರೂ ಕೈ ಹಾಕಿದರೆ, "ಲೇ, ಬುಡ್ಲಾ. ಅದು ನನ್ ಎಂಡ್ತಿಗಿಂತ ಮೊದ್ಲು ಬಂದದ್ದು" ಅನ್ನುತ್ತಿದ್ದ.

ಇವರು ಲೆಕ್ಕ ಹಾಕಿ ನೋಡಿದರು. ಹತಾರ ಹುಡುಕುವುದರಲ್ಲಿ, ಕೇಳಿ ಪಡೆಯುವುದರಲ್ಲಿ ದಿನದ ಎಷ್ಟೋ ಹೊತ್ತು ಹೋಗುತ್ತಿತ್ತು. ಸವೆದ ಸ್ಪ್ಯಾನರುಗಳಿಂದ ನಟ್ಟುಗಳ ಮೂಲೆ ಹಾಳಾಗುತ್ತಿತ್ತು. ಎಲ್ಲ ನಿಜ. ಗೋಡೆಯ ಮೇಲೆ ಒಂದು ದೊಡ್ಡ ಹಲಗೆ ಬಂತು. ಅದರ ಮೇಲೆ ಪ್ರತಿ ಹತಾರದ ಆಕಾರವನ್ನೂ ಬಣ್ಣದಲ್ಲಿ ಬರೆಸಿದ್ದರು, ಆ ಬಣ್ಣದ ನೆರಳಿನ ಮೇಲೆ ಹೊಸ ಹತಾರ ತೂಗುಹಾಕಿತ್ತು. ಯಾವುದು ಜಾಗದಲ್ಲಿಲ್ಲವೆಂದು ಬಾಗಿಲಿನಿಂದಲೇ ಕಾಣುತ್ತಿತ್ತು. ಎಲ್ಲ ಹತಾರಗಳೂ ಎಲ್ಲರವು. ಒಳ್ಳೆಯ ಮಾಲು ತರಿಸಿದ್ದರು. ಮಾದಯ್ಯನ ಕೈಗಾಗಿಯೇ, ಬೋಲ್ಟನ್ನು ಬೇಕಾದಷ್ಟೇ ಬಿಗಿಯುವ ಒಂದು ಟಾರ್ಕ್ ರೆಂಚನ್ನು ಬಹಳ ಹುಡುಕಿ ತರಿಸಿದ್ದರು. ಅದು ಬಂದ ದಿನ ಪೊಟ್ಟಣ ಬಿಚ್ಚಿ ಅವನ ಕೈಗೆ ಕೊಟ್ಟು, ಅವನ ಮುಖವನ್ನೇ ನೋಡುತ್ತ ನಿಂತರು. ಹಬ್ಬಕ್ಕೆ ಸೀರೆ ತಂದ ಗಂಡಸು ಹೆಂಡತಿಯ ಮುಖ ನೋಡುವ ಹಾಗೆ. "ಚೆನ್ನಾಗದೆ ಸಾ" ಎಂದ ಮಾದಯ್ಯ. ಇವರಿಗೆ ಅಷ್ಟು ಸಾಕಾಯಿತು. ಕೆಲಸದ ವೇಗ ಹೆಚ್ಚಿತು, ಮಾದಯ್ಯನೇ ಒಪ್ಪಿಕೊಂಡ. ಹಳೆಯ ಪೆಟ್ಟಿಗೆಗಳು ಶೆಡ್ಡಿನ ಹಿಂದೆ ಸಾಲಾಗಿ ಕೂತವು.

ಆಮೇಲೆ ಬಂದದ್ದು ಆಯುಧಪೂಜೆ. ಕಾರ್ಖಾನೆಯ ಕೆಲಸ ಗೊತ್ತಿದ್ದವರಿಗೆ ಅದು ಎಂಥ ದಿನವೆಂದು ಹೇಳಬೇಕಿಲ್ಲ. ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು, ಚೆಂಡುಹೂವಿನ ಹಾರ ಹಿಡಿದು ಬಂದರು. ದೊಡ್ಡ ಯಂತ್ರಗಳಿಗೆಲ್ಲ ಹಾರ ಹಾಕಿದ್ದಾಯಿತು. ಇನ್ನು ಅವರವರ ಹತಾರಕ್ಕೆ ಅವರವರು ಕುಂಕುಮ ಇಡುವ ಹೊತ್ತು. ಮಾದಯ್ಯ ತಟ್ಟೆ ಹಿಡಿದುಕೊಂಡು ಶೆಡ್ಡಿನ ಹಿಂದಕ್ಕೆ ಹೋದವನು ಹಾಗೆಯೇ ವಾಪಸು ಬಂದ.

"ಸಾ, ಪೆಟ್ಗೆಗೊಳು?"

"ಯಾವ ಪೆಟ್ಟಿಗೆ?"

"ನಮ್ಮವು, ಸಾ. ಇಂದೆ ಇದ್ವಲ್ಲ."

"ಓ, ಅದಾ. ಗುಜರಿಯವನು ಬಂದಿದ್ದ, ಹಾಕಿದೆ. ತುಕ್ಕು ಹಿಡೀತಿತ್ತು ಮಾದಯ್ಯ."

ಮಾದಯ್ಯ ತಟ್ಟೆ ಹಿಡಿದುಕೊಂಡೇ ಗೋಡೆಯ ಹಲಗೆಯ ಮುಂದೆ ಹೋಗಿ ನಿಂತ. ಅಷ್ಟು ಸ್ಪ್ಯಾನರುಗಳಲ್ಲಿ ಯಾವುದಕ್ಕೆ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಬೆರಳಿಗೆ ಕುಂಕುಮ ಹತ್ತಿತ್ತು, ಕೈ ಮೇಲೇಳಲಿಲ್ಲ. ಇವರು ಹತ್ತಿರ ಬಂದು, ಸಮಸ್ಯೆ ಅರ್ಥವಾದವರ ಹಾಗೆ, ಮೆಲ್ಲಗೆ ಹೇಳಿದರು: "ಎಲ್ಲದಕ್ಕೂ ಇಟ್ಬಿಡು ಮಾದಯ್ಯ. ಆಗ ಎಲ್ಲರದ್ದೂ ಆದ ಹಾಗಾಯ್ತಲ್ಲ."

ಮಾದಯ್ಯ ಹಲಗೆಯ ಮರದ ಚೌಕಟ್ಟಿಗೆ ಒಂದು ಬೊಟ್ಟಿಟ್ಟ. ಹೊರಗೆ ಬೂದುಗುಂಬಳಕಾಯಿ ಒಡೆದ. ಎಲ್ಲರ ಜೊತೆ ಕಡ್ಲೆಪುರಿ ತಿಂದ, ಏನೋ ತಮಾಷೆಯನ್ನೂ ಮಾಡಿದ. ರಜೆ ಮುಗಿದ ಮೇಲೆ ಅವನು ಬರಲಿಲ್ಲ.

ಜ್ವರ ಎಂದುಕೊಂಡರು. ಆಮೇಲೆ, ಹೆಡತಲೆ ಗ್ರಾಮದ ತನ್ನ ಮನೆಯ ಜಗಲಿಯ ಮೇಲೆ ಬೀಡಿ ಸೇದುತ್ತ ಕೂತಿದ್ದಾನೆ, ಮೈಗೆ ಏನೂ ಆಗಿಲ್ಲ ಎಂದು ಯಾರೋ ಹೇಳಿದರು. "ಯಾಕೆ?" ಎಂದು ಇವರು ನನ್ನನ್ನು ಕೇಳಿದರು. ನಾನು ಪೆಟ್ಟಿಗೆಯ ವಿಷಯ ಹೇಳಿದೆ. ಇವರು, "ಆದರೆ ಅದರಲ್ಲಿದ್ದದ್ದಕ್ಕಿಂತ ಒಳ್ಳೇದನ್ನೇ ಕೊಟ್ಟಿದ್ದೀನಲ್ಲ" ಎಂದರು. ವಾದಕ್ಕಾಗಿ ಹೇಳಿದ್ದಲ್ಲ. ಎಲ್ಲಿ ಬಿಟ್ಟುಹೋಯಿತೆಂದು ಪ್ರಾಮಾಣಿಕವಾಗಿ ಹುಡುಕುತ್ತಿದ್ದರು.

ಮಾದಯ್ಯ ಹೋದ ಮೇಲೆ ಉಳಿದ ಫಿಟ್ಟರುಗಳು ಕಳವಳಗೊಂಡರು. ಅವರಿಗೆ ಧೈರ್ಯ ಹೇಳಬೇಕೆಂದು ಇವರು ಎಲ್ಲರನ್ನೂ ಸೇರಿಸಿದರು. ವಾರಗಟ್ಟಲೆ ಕೂತು, ಯಂತ್ರದ ಜೋಡಣೆಯ ಪ್ರತಿ ಹಂತವನ್ನೂ ಚಿತ್ರ ಸಮೇತ ಬರೆದು ಗೋಡೆಗೆ ಹಾಕಿದ್ದರು. ಅದನ್ನು ತೋರಿಸಿ ಹೇಳಿದರು: "ಯೋಚನೆ ಮಾಡಬೇಡಿ. ನಿಮ್ಮಲ್ಲಿ ಯಾರು ನಾಳೆ ಬರದೇ ಹೋದರೂ ಇಲ್ಲಿ ಕೆಲಸ ನಿಲ್ಲದ ಹಾಗೆ ಮಾಡಿದ್ದೀನಿ." ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಹಿಂದೆ ನಿಂತಿದ್ದ ಒಬ್ಬ, "ಅಂಗಾರೆ ಬರೋದ್ಯಾಕೆ ಬುಡಿ" ಎಂದದ್ದು ನನಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಜಗಳವಿಲ್ಲ, ಕೂಗಾಟವಿಲ್ಲ. ಬರುವುದನ್ನು ನಿಲ್ಲಿಸಿದರು, ಅಷ್ಟೆ. ಹೊಸಬರು ಬಂದರು, ಗೋಡೆ ನೋಡಿಕೊಂಡು ಜೋಡಿಸಿದರು, ಬೆಳಿಗ್ಗೆ ತಮ್ಮ ಕೆಲಸ ಬದಲಾದದ್ದನ್ನು ಕಂಡರು, ಅವರೂ ಹೋದರು. ಯಂತ್ರಗಳು ತಡವಾಗಿ ಹೊರಟವು. ನರಸೀಪುರದ ಗಿರಣಿಯವರು ಬೇರೆ ಕಡೆ ನೋಡತೊಡಗಿದರು.

ಒಂದು ದಿನ ಆಫೀಸಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ಮಾದಯ್ಯನ ಮನೆ ಎಲ್ಲಿದೆ ಅಂತ ನಿಮಗೆ ಗೊತ್ತಾ?"

ಗೊತ್ತಿತ್ತು. ಅವನ ಮಗಳ ಮದುವೆಗೆ ನಾವೆಲ್ಲ ಹೋಗಿದ್ದೆವು. ಇವರು ಉಡುಗೊರೆ ಕಳಿಸಿದ್ದರು, ಬಂದಿರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದವನ ಮನೆಯ ದಾರಿ ಇವರಿಗೆ ತಿಳಿದಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ. ಆ ದಿನವನ್ನು ಅಷ್ಟು ಸಲ ನೆನೆದಿದ್ದೇನೆ, ಅದು ಸವೆದಿದೆ. ಕಾರು ಅವರೇ ಓಡಿಸಿದರು. ಊರು ಹತ್ತಿರವಾದಾಗ, "ಏನು ಹೇಳಬೇಕು?" ಎಂದು ಕೇಳಿದರು. "ಬಾ ಅಂತ ಹೇಳಿ ಸಾರ್, ಅಷ್ಟು ಸಾಕು" ಎಂದೆ. "ಅಷ್ಟೇನಾ?" ಎಂದರು. ಸುಲಭವಾದದ್ದನ್ನು ಅವರು ನಂಬುತ್ತಿರಲಿಲ್ಲ.

ಮಾದಯ್ಯ ಜಗಲಿಯಿಂದ ಎದ್ದು ನಿಂತ. "ಬನ್ನಿ ಸಾ" ಎಂದ. ಅವನ ಹೆಂಡತಿ ರತ್ನಮ್ಮ ಚಾಪೆ ಹಾಸಿ, ಕಾಫಿ ತಂದುಕೊಟ್ಟಳು. ಮೂವರೂ ಕೂತೆವು. ಇವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಒಳಗೆ ಗ್ರೈಂಡರ್ ಓಡುತ್ತಿತ್ತು. ಮಾದಯ್ಯ ಕಾಯುತ್ತಿದ್ದ. ಬೇರೆ ಯಾವುದರ ಬಗ್ಗೆ ನನಗೆ ಅನುಮಾನವಿದ್ದರೂ ಇದರ ಬಗ್ಗೆ ಇಲ್ಲ: ಅವನು ಕಾಯುತ್ತಿದ್ದ. ಬಾಗಿಲ ಚೌಕಟ್ಟಿಗೆ ಒರಗಿ ರತ್ನಮ್ಮನೂ ಕಾಯುತ್ತಿದ್ದಳು.

ಇವರು ತಲೆ ಸ್ವಲ್ಪ ವಾಲಿಸಿದರು. "ಮಾದಯ್ಯ, ನಿನ್ನ ಗ್ರೈಂಡರಿನ ಪುಲ್ಲಿ ಲೈನ್ ತಪ್ಪಿದೆ. ಬೆಲ್ಟು ಒಂದು ಕಡೆ ಎಳೀತಿದೆ" ಎಂದರು.

"ಊ ಸಾ. ಸುಮಾರು ದಿನಾಯ್ತು."

ಇವರು ಲೋಟ ಕೆಳಗಿಟ್ಟು ಎದ್ದರು. ಗ್ರೈಂಡರ್ ನಿಂತಿತು. ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ಅಡುಗೆಮನೆಯ ಪಕ್ಕದ ನೆಲದ ಮೇಲೆ ಇಬ್ಬರೂ ಕೂತು ಅದನ್ನು ಬಿಚ್ಚಿದರು. ಇವರು ನೋಡದೆಯೇ ಕೈ ಚಾಚುವುದು, ಬಾಯಿಬಿಟ್ಟು ಕೇಳುವ ಮೊದಲೇ ಮಾದಯ್ಯ ಆ ಕೈಯೊಳಗೆ ಸ್ಪ್ಯಾನರ್ ಇಡುವುದು. ಇವರು ಮೋಟರಿನ ಬುಡ ಸಡಿಲಿಸಿ ಹಿಡಿಯುವುದು, ಅವನು ಒಂದು ಕಣ್ಣು ಮುಚ್ಚಿ ಬೆಲ್ಟಿನ ನೇರ ನೋಡಿ ಗಲ್ಲದಿಂದಲೇ ಆ ಕಡೆ, ಈ ಕಡೆ ಎನ್ನುವುದು. ಇಬ್ಬರೂ ಸುಖವಾಗಿದ್ದರು. ಶೀಟಿನ ಶೆಡ್ಡಿನಲ್ಲಿ ಹೀಗೇ ಇದ್ದಿರಬೇಕು. ಅವರನ್ನು ಅವರ ಪಾಡಿಗೆ ಬಿಡೋಣವೆಂದು ನಾನು ರತ್ನಮ್ಮನ ಜೊತೆ ಹಿತ್ತಲಿಗೆ ಹೋದೆ. ಅವಳು ಸೀಬೆಕಾಯಿ ಕಿತ್ತು ಕೊಟ್ಟಳು. ಈಗ ಸರಿಹೋಗುತ್ತದೆ, ಈಗ ಹೇಳಿಯೇ ಹೇಳುತ್ತಾರೆ ಎಂದುಕೊಂಡು ನಿಂತಿದ್ದೆ.

ವಾಪಸು ಬಂದಾಗ ಗ್ರೈಂಡರ್ ಸದ್ದಿಲ್ಲದೆ ಓಡುತ್ತಿತ್ತು. ಇವರು ಕೈ ಒರೆಸಿಕೊಳ್ಳುತ್ತಿದ್ದರು. ಮಾದಯ್ಯ ನೆಲ ನೋಡುತ್ತಿದ್ದ. "ಬರ್ತೀನಿ" ಎಂದರು ಇವರು. ಚಪ್ಪಲಿ ಮೆಟ್ಟಿ ಕಾರಿನ ಕಡೆ ನಡೆದರು.

ಆ ಗ್ರೈಂಡರಿನ ಮೋಟರನ್ನು ಕಂಪನಿಯವರು ಎಷ್ಟು ತಪ್ಪಾಗಿ ಕೂರಿಸಿದ್ದಾರೆಂದು ಹೇಳುತ್ತಲೇ ಬಂದರು, ಬಹಳ ದೂರ. ನಂಜನಗೂಡಿನ ಹತ್ತಿರ ಬಂದಾಗ ಮಾತು ನಿಂತಿತು. ಆಮೇಲೆ ನನ್ನ ಕಡೆ ನೋಡದೆ, "ಬರ್ತಾನೆ ಅಂತೀರಾ?" ಎಂದರು.

"ಕರೆದ್ರಾ ಸಾರ್?"

"ಕರೆಯೋದೇನಿದೆ. ಅವನಿಗೆ ಗೊತ್ತಿಲ್ವಾ?"

ಮಾದಯ್ಯ ಬರಲಿಲ್ಲ. ಕಾರ್ಖಾನೆ ಇನ್ನೂ ಸ್ವಲ್ಪ ಕಾಲ ಉಸಿರಾಡಿತು. ಕೊನೆಯ ದಿನಗಳಲ್ಲಿ ಅವರೇ ಜೋಡಿಸುತ್ತಿದ್ದರು, ಒಬ್ಬರೇ, ಪ್ಯಾಂಟಿನ ಮೊಣಕಾಲಿಗೆ ಗ್ರೀಸ್ ಹತ್ತಿಸಿಕೊಂಡು. ಅವು ಅವರು ಮಾಡಿದ ಯಂತ್ರಗಳಲ್ಲೆಲ್ಲ ಚೆಂದದವು. ಕಟ್ಟಡವನ್ನು ಈಗ ಬೇರೆ ಯಾರೋ ಗೋದಾಮು ಮಾಡಿಕೊಂಡಿದ್ದಾರೆ.

ಯಂತ್ರದ ಮಾತು ಅಷ್ಟು ಸೂಕ್ಷ್ಮವಾಗಿ ತಿಳಿಯುವವರಿಗೆ ಮನುಷ್ಯರದು ಯಾಕೆ ತಿಳಿಯುವುದಿಲ್ಲ ಎಂದು ಜನ ಕೇಳುತ್ತಾರೆ. ನಾನು ಬಹಳ ಕಾಲ ಒಂದು ಉತ್ತರ ಇಟ್ಟುಕೊಂಡಿದ್ದೆ. ಕೆಟ್ಟದ್ದನ್ನು ಸರಿಮಾಡುವುದೇ ಅವರಿಗೆ ಗೊತ್ತಿದ್ದ ಪ್ರೀತಿ. ಮನುಷ್ಯರೋ ತಮ್ಮನ್ನು ಸರಿಮಾಡಲಿ ಎಂದು ಬರುವುದಿಲ್ಲ, ತಾವು ಬೇಕು ಎಂದು ಒಬ್ಬರು ಬಾಯಿಬಿಟ್ಟು ಹೇಳಲಿ ಎಂದು ಬರುತ್ತಾರೆ. ಅದೊಂದು ಅವರಿಂದ ಆಗಲಿಲ್ಲ. ಆ ಉತ್ತರಕ್ಕೆ ಹೆಡತಲೆಯ ಆ ದಿನವೇ ಸಾಕ್ಷಿ. ಅವರ ಹೆಂಡತಿ ಕೂಡ ಅದನ್ನೇ ಹೇಳಿದಂತಿತ್ತು. ನರಸೀಪುರದ ಸಂಗಮದಲ್ಲಿ ಅಸ್ಥಿ ಬಿಟ್ಟ ದಿನ, ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ನನ್ನ ಜೊತೆ ಜಗಳ ಆದ ದಿನ ಮಿಕ್ಸಿ ಬಿಚ್ಚಿ ಕ್ಲೀನ್ ಮಾಡಿಡೋರು. ಮೊದಮೊದಲು ಸಿಟ್ಟು ಬರ್ತಿತ್ತು. ಆಮೇಲಾಮೇಲೆ ಮಿಕ್ಸಿ ಶುಚಿಯಾಗಿದ್ದರೆ, ಸರಿ, ರಾಜಿ ಆಯ್ತು ಅಂದ್ಕೊಳ್ತಿದ್ದೆ" ಎಂದರು. ಹೇಳುತ್ತ ನಕ್ಕರು, ನಗುತ್ತಲೇ ಮುಖ ಮುಚ್ಚಿಕೊಂಡರು.

ಆ ದಿನ ಅಲ್ಲಿಗೆ ಹೆಚ್ಚು ಜನ ಬಂದಿರಲಿಲ್ಲ. ಫಿಟ್ಟರುಗಳಲ್ಲಿ ಬಂದವನು ಮಾದಯ್ಯನೊಬ್ಬನೇ, ರತ್ನಮ್ಮನ ಜೊತೆ. ಪುರೋಹಿತರು ಮಂತ್ರ ಮುಗಿಸಿದ ಮೇಲೂ ಅವನು ಮೊಣಕಾಲು ಮುಳುಗುವಷ್ಟು ನೀರಲ್ಲಿ ನಿಂತೇ ಇದ್ದ. ನಾನು ಹತ್ತಿರ ಹೋದೆ.

"ಮಾದಯ್ಯನೋರೆ, ಅವತ್ತು ನಿಮ್ಮನೆಗೆ ಬಂದಾಗ ಅವರು ಕರೆದ್ರಾ?"

ಅವನು ನೀರು ನೋಡುತ್ತಲೇ ಹೇಳಿದ: "ಇಲ್ಲ ಕಣವ್ವ. ಒಂದ್ ಮಾತು, ಬಾ ಮಾದಯ್ಯ ಅಂದಿದ್ರೆ ಅಂಗೇ ಕಾರತ್ತಿ ಬಂದ್ಬುಡ್ತಿದ್ದೆ. ಅನ್ನಲಿಲ್ಲ."

ನನ್ನ ಉತ್ತರ ಅಲ್ಲಿಗೆ ಪೂರ್ತಿಯಾಗುತ್ತಿತ್ತು. ಆದರೆ ಬಸ್‌ಸ್ಟ್ಯಾಂಡಿನಲ್ಲಿ, ಮಾದಯ್ಯ ಬಸ್ಸು ವಿಚಾರಿಸಲು ಹೋದಾಗ, ರತ್ನಮ್ಮ ನನ್ನ ಕೈ ಹಿಡಿದುಕೊಂಡಳು.

"ಮೇಡಮ್ಮೋರೆ, ಅವರು ಕರುದ್ರು. ನಾನು ಕೇಳ್ದೆ. ಗ್ರೈಂಡ್ರು ಬಿಚ್ಚಾಕಿದ್ರಲ್ಲ, ಸದ್ದಿರ್ನಿಲ್ಲ. ನೀನಿಲ್ದೆ ನಂಗಾಯ್ತಾ ಇಲ್ಲ ಮಾದಯ್ಯ ಅಂದ್ರು. ನಮ್ಮನೆಯವ್ರೇ ತಲೆ ಎತ್ತನಿಲ್ಲ. ಅದುಕ್ಕೆ ಅವರು ಎದ್ದು ಒಂಟೋದ್ರು. ಇವರ್ಗೆ ನಾ ಯೋಳುದ್ನಂತ ಯೋಳ್ಬೇಡಿ."

"ನೀವು ಹಿತ್ತಲಲ್ಲಿ ನನ್ನ ಜೊತೆ ಇದ್ರಲ್ಲ ರತ್ನಮ್ಮ. ಸೀಬೆಕಾಯಿ ಕಿತ್ತು ಕೊಟ್ರಿ."

"ಇಲ್ಲ ಕಣವ್ವ. ನೀವೊಬ್ಬರೇ ಓಗಿದ್ರಿ. ನಾನು ಒಲೆ ಮುಂದಿದ್ದೆ."

ಮಾದಯ್ಯ ವಾಪಸು ಬಂದ. ಬಸ್ಸು ಹತ್ತಿ ಹೋದರು. ನಾನು ಮೈಸೂರಿನ ಬಸ್ಸಿಗೆ ನಿಂತೆ.

ಸೀಬೆಕಾಯಿಯ ಒರಟು ಸಿಪ್ಪೆ ನನ್ನ ಅಂಗೈಗೆ ಇನ್ನೂ ನೆನಪಿದೆ, ಕೊಟ್ಟ ಕೈಯ ಬಳೆಗಳೂ ನೆನಪಿವೆ. ಆದರೆ ನಾನೇ ಕಿತ್ತುಕೊಂಡಿದ್ದೆನೋ ಏನೋ. ಗಂಡನ ಮೌನಕ್ಕೆ ಸಂಕಟಪಟ್ಟ ಹೆಂಗಸೊಬ್ಬಳು ಸತ್ತವರ ಬಾಯಿಗೆ ಆ ಮಾತನ್ನು ಕೊಟ್ಟಿರಬಹುದು. ಇಲ್ಲವೇ, ಕೇಳಿಸಿಕೊಂಡೂ ತಲೆ ಎತ್ತದವನು ಆ ಮಾತೇ ಬರಲಿಲ್ಲವೆಂದು ಈಗ ನಂಬಿಕೊಂಡಿರಬಹುದು. ರತ್ನಮ್ಮ ಹೇಳಿದ್ದು ನಿಜವಾದರೆ, ಅವರು ಜೀವಮಾನದಲ್ಲಿ ಒಂದು ಸಲ ಒಬ್ಬ ಮನುಷ್ಯನ ಮುಂದೆ ನೀನು ಬೇಕು ಎಂದರು, ಉತ್ತರ ಬರಲಿಲ್ಲ, ಅದನ್ನು ನುಂಗಿಕೊಂಡು ಇಡೀ ದಾರಿ ನನಗೆ ಮೋಟರಿನ ವಿಷಯ ಹೇಳುತ್ತ ಕಾರು ಓಡಿಸಿದರು. ಹಾಗಾದರೆ, ನಾನು ಇಲ್ಲಿಯವರೆಗೆ ಬರೆದ ಮನುಷ್ಯ ಅವರಲ್ಲ.

ಅವರ ಹೆಂಡತಿಯನ್ನು ಕೇಳಿದೆ. ಆ ದಿನದ ಬಗ್ಗೆ ಮನೆಯಲ್ಲಿ ಅವರು ಏನೂ ಹೇಳಿರಲಿಲ್ಲವಂತೆ. ಅವರು ಕರೆದರೋ ಇಲ್ಲವೋ, ನನಗೆ ಗೊತ್ತಿಲ್ಲ.